ಎರಡು ಬೆರಳಿನಷ್ಟು ಗಾಯ

ನನ್ನ ಅವ್ವ ಇಂಗಳೇಶ್ವರದ ಮನೆಯ ಹಿತ್ತಲಲ್ಲಿ ಜಾರಿ ಬಿದ್ದಾಗ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಎಪ್ಪತ್ತರ ದಶಕದ ಮಾತು. ಆಗ ನಮ್ಮ ಕಡೆ ಇದಕ್ಕೆ ಮಾಡುತ್ತಿದ್ದದ್ದು ಒಂದೇ: ಕಾಲಿಗೆ ಭಾರ ಕಟ್ಟಿ ಜಗ್ಗಿಸಿ, ಮೂಳೆ ಕೂಡುವವರೆಗೆ ಅಂಗಾತ ಮಲಗಿಸುವುದು. ಹಗಲು ಹೊತ್ತು ಗೋಡೆಗೆ ಬೆನ್ನು ಹಚ್ಚಿದವಳೇ ಅಲ್ಲ ಅವ್ವ. ಅಂಥವಳು ತಿಂಗಳುಗಟ್ಟಲೆ ಸೂರು ನೋಡುತ್ತ ಮಲಗಿದಳು.

"ಒಮ್ಮಿ ಮಗ್ಗಲಾ ಹೊಳ್ಳಿಸವಾ," ಎಂದು ನನ್ನ ಕೈ ಹಿಡಿಯುತ್ತಿದ್ದಳು.

ಮಗ್ಗಲು ಬದಲಿಸುವಂತಿರಲಿಲ್ಲ. ಬೆನ್ನಿಗೆ ಹುಣ್ಣಾದವು, ಎದೆಯಲ್ಲಿ ಕಫ ಕಟ್ಟಿತು. ಮೂಳೆ ಕೂಡುವ ಮೊದಲೇ ಅವ್ವ ಹೋದಳು.

ಒಂದೆರಡು ವರ್ಷ ಕಳೆದಿರಬೇಕು. ಇಂಡಿಯಲ್ಲಿ, ನಾನು ಸೊಸೆಯಾಗಿ ಬಂದ ಮನೆಯಲ್ಲಿ, ಅತ್ತೆ ಮಾಳಿಗೆಯ ಮೆಟ್ಟಿಲಿಂದ ಬಿದ್ದರು. ಅದೇ ಮೂಳೆ. ಗಂಡ ಅವರನ್ನು ರೈಲಿನಲ್ಲಿ ಸೊಲ್ಲಾಪುರಕ್ಕೆ ಕರೆದೊಯ್ದರು, ನಾನೂ ಹೋದೆ. ಅಲ್ಲಿನ ಡಾಕ್ಟರು ಮುಂಬಯಿಯಲ್ಲಿ ಹೊಸ ಪದ್ಧತಿ ಕಲಿತು ಬಂದಿದ್ದರು. ಮೊಣಕಾಲಿನ ಮೇಲೆ ಸಣ್ಣದಾಗಿ ಕೊಯ್ದು, ಎಕ್ಸ್‌ರೇಯಲ್ಲಿ ನೋಡುತ್ತ, ಬಾಗುವ ಉಕ್ಕಿನ ಸರಳುಗಳನ್ನು ಮೂಳೆಯ ಟೊಳ್ಳಿನೊಳಗಿಂದ ಮುರಿದ ಜಾಗ ದಾಟಿಸಿ ಕೂಡಿಸುತ್ತೇನೆ, ತೊಡೆ ಸೀಳುವುದು ಬೇಕಿಲ್ಲ ಎಂದರು.

ಆಪರೇಶನ್ ಆದ ಮರುದಿನವೇ ಅತ್ತೆಯನ್ನು ಮಂಚದ ಅಂಚಿಗೆ ಕೂಡಿಸಿದರು. ಗಂಡನ ಮುಖ ಅರಳಿತು. ನಾನು ವರಾಂಡಕ್ಕೆ ಹೋಗಿ, ನಲ್ಲಿ ಬಿಟ್ಟುಕೊಂಡು ನಿಂತೆ.

ಮನೆಗೆ ಬಂದ ಮೇಲೆ ಒಂದು ದಿನ ನಾನು ಮೈಗೆ ನೀರೆರೆಯುವಾಗ ಅತ್ತೆ ಆ ಗಾಯದ ಕಲೆಯ ಮೇಲೆ ಬೆರಳಿಟ್ಟರು. ಎರಡು ಬೆರಳಿನಷ್ಟೂ ಇರಲಿಲ್ಲ.

"ನಿಮ್ಮವ್ವಗೂ ಇಷ್ಟ ಕೊಯ್ದಿದ್ರ ಸಾಕಾಗ್ತಿತ್ತೇನವಾ?"

"ಗೊತ್ತಿಲ್ರಿ ಅತ್ತಿ," ಎಂದು ನೀರು ಹಾಕಿದೆ.

ಹಿರಿಯರಿಗೆ ಎಡೆ ಇಡುವ ಮಾನೌಮಿ ಅಮಾವಾಸ್ಯೆಗೆ ನಾನು ತವರಿಗೆ ಹೊರಟಾಗ ಅತ್ತೆ ತಾವೂ ಬರುವುದಾಗಿ ಹಟ ಹಿಡಿದರು. ಬಸ್ಸಿಳಿದು, ಕೋಲೂರುತ್ತ, ಅವ್ವನನ್ನು ಮಣ್ಣು ಮಾಡಿದ ಹೊಲದ ತನಕ ನಡೆದರು. ಮೊಣಕಾಲು ಪೂರ್ತಿ ಮಡಚಲು ಬರುತ್ತಿರಲಿಲ್ಲವಾದ್ದರಿಂದ ನಿಂತೇ ಇದ್ದರು. ಎಡೆ ನಾನು ಇಟ್ಟೆ.

"ಬೀಗತಿ, ನಾ ಬಂದೇನಿ," ಎಂದರು ಅತ್ತೆ, ಮನೆಯೊಳಗಿದ್ದವರನ್ನು ಕರೆದ ಹಾಗೆ.

ಅವ್ವ ಹೋದ ದಿನವೂ ಬಾರದ ಅಳು ಆಗ ಬಂತು. ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟು ಬಿಸಿಲಲ್ಲಿ ನಿಂತರು. ಮಧ್ಯಾಹ್ನದ ಬಸ್ಸು ತಪ್ಪಿತು, ಸಂಜೆಯ ಬಸ್ಸಿಗೆ ಹೊರಟೆವು.