ತಿರುಮಲರಾಯರು ಬೀದಿ ನೋಡಲು ಹೋದದ್ದು

ನನ್ನ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದವರ ಬೆಲೆಯನ್ನು ನಾನು ಚಪ್ಪಲಿ ನೋಡಿ ಕಟ್ಟುತ್ತೇನೆ. ತಿರುಮಲರಾಯರದ್ದು ಮತ್ತೆ ಮತ್ತೆ ಹೊಲಿಸಿದ ಚಪ್ಪಲಿ. ಸವೆದ ಕಾಲರಿನ ಅಂಗಿ, ಹಣೆಯಲ್ಲಿ ಅಂಗಾರ ಅಕ್ಷತೆ, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲೊಂದು ಕೊಡೆ. ಒಂದು ಪಂಚೆಗಾಗಿ ಇಡೀ ಕಪಾಟು ಬಿಚ್ಚಿಸಿ, ಕೊನೆಗೆ ಮೊದಲು ಬಿಚ್ಚಿದ್ದನ್ನೇ ಒಯ್ಯುತ್ತಾರೆ. ಲಾಭವಿಲ್ಲದ ಗಿರಾಕಿ. ಆದರೆ ಅವರು ಬೇಡವೆಂದದ್ದನ್ನು ಬೆಳಕಿಗೆ ಹಿಡಿದರೆ ಎಲ್ಲೋ ಒಂದು ಎಳೆ ತಪ್ಪಿಯೇ ಇರುತ್ತದೆ.

ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೊಂದು ಕೆಲಸ ಅಂಟಿಕೊಂಡಿದೆ. ಮೈಸೂರು, ಹಾಸನದಿಂದ ಮಕ್ಕಳನ್ನು ಕಟ್ಟಿಕೊಂಡು ಚೆನ್ನೈಗೆ ಬರುವ ನಮ್ಮ ಜನ, ಬಾಡಿಗೆಗೆ ಮನೆ ಹಿಡಿಯುವ ಮುಂಚೆ ಅವರನ್ನು ಕೇಳುತ್ತಾರೆ. ರಾಯರು ಮನೆಯೊಳಗೆ ಕಾಲಿಡುವುದಿಲ್ಲ. ಶಾಲೆ ಬಿಡುವ ಹೊತ್ತಿಗೆ ಬೀದಿಯ ಮೂಲೆಯಲ್ಲಿ ಕೊಡೆ ಊರಿ ನಿಲ್ಲುತ್ತಾರೆ, ಅಷ್ಟೇ. "ಗೋಡೆ ನೋಡೋಕೆ ಇಂಜಿನಿಯರ್ ಇದಾನಲ್ಲಪ್ಪಾ" ಎನ್ನುತ್ತಾರೆ.

ಈ ಸಲ ಗಿರಾಕಿ ನಾನು. ನನ್ನ ಮಗಳು ಶಾಲಿನಿಗೆ ಐದು ವರ್ಷದ ಹುಡುಗಿಯಿದ್ದಾಳೆ, ಮೌನ. ಯಾವ ಗಳಿಗೆಯಲ್ಲಿ ಹೆಸರಿಟ್ಟೆವೋ, ಕೂಸು ಬಾಯಿಯೇ ಬಿಡುವುದಿಲ್ಲ. ಕೈ ಬಿಟ್ಟರೆ ಮಾತ್ರ ನಡೆದೇ ಬಿಡುತ್ತದೆ. ನುಂಗಂಬಾಕ್ಕಂನ ಮನೆಯಿಂದ ಒಂದು ಸಂಜೆ ಹಾಗೇ ಹೊರಟು ದೊಡ್ಡ ರಸ್ತೆಯ ಬಸ್ ಸ್ಟಾಪಿನವರೆಗೆ ಹೋಗಿತ್ತು. ವಾಚ್‌ಮನ್ ನೋಡಿದ್ದ, ಔಷಧಿ ಅಂಗಡಿಯವನು ನೋಡಿದ್ದ, ಇಸ್ತ್ರಿಯವನು ನೋಡಿದ್ದ. ಹಿಂದೆ ಯಾರೋ ದೊಡ್ಡವರು ಬರುತ್ತಿರಬೇಕು ಅಂದುಕೊಂಡರಂತೆ ಎಲ್ಲರೂ. ಅಂದಿನಿಂದ ಶಾಲಿನಿ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡು ಓಡಾಡುತ್ತಾಳೆ. ಲಿಫ್ಟ್ ಸದ್ದಾದರೆ ಎದ್ದು ನಿಲ್ಲುತ್ತಾಳೆ.

ಆ ಮನೆ ಬಿಡಿಸಬೇಕೆಂದು ಹುಡುಕಿದಾಗ ಅಣ್ಣಾ ನಗರ್‌ನಲ್ಲಿ ಎರಡು ಮನೆ ಸಿಕ್ಕಿದವು. ಒಂದು ಅಗಲ ರಸ್ತೆಯಲ್ಲಿ: ಸಾಲು ಮರ, ಗೇಟು ಗೇಟಿಗೂ ಕ್ಯಾಮೆರಾ. ಇನ್ನೊಂದು ಹಿಂದಿನ ಸಣ್ಣ ಬೀದಿಯಲ್ಲಿ: ತರಕಾರಿ ಗಾಡಿ, ನಲ್ಲಿ ಜಗಳ. ನನ್ನ ಮನಸ್ಸು ಮೊದಲನೆಯದರ ಮೇಲಿತ್ತು. ರಾಯರು ಅದನ್ನು ನೋಡಿ ಬಂದು, "ಚೆನ್ನಾಗಿದೆ. ಇನ್ನೊಂದನ್ನೂ ನೋಡಿಬಿಡ್ತೀನಿ" ಎಂದರು.

ಮರುದಿನ ಸಂಜೆ ರಾಯರ ಫೋನಿನಿಂದ ಹೆಂಗಸಿನ ದನಿ, ತಮಿಳಿನಲ್ಲಿ: "ಈ ಮುದುಕರು ನಿಮಗೆ ಗೊತ್ತಾ? ಬೇಗ ಬನ್ನಿ." ಹಿಂದೆ ಗಲಾಟೆ.

ಗಿರಾಕಿಯ ಮುಂದೆ ಹರಡಿದ ಸೀರೆಯನ್ನು ಹಾಗೇ ಬಿಟ್ಟು ಓಡಿದೆ. ಮೊಬೈಲುಗಳಲ್ಲಿ ಮಕ್ಕಳ ಕಳ್ಳರ ಸುದ್ದಿ ಹರಿದಾಡುವ ಕಾಲ. ಜನ ಮೊದಲು ಕೈ ಬೀಸಿ, ಆಮೇಲೆ ಊರು ಕೇಳುತ್ತಾರೆ. ಆಟೋ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಇಳಿದು ಓಡಿಬಿಡಲೇ ಎನ್ನಿಸಿತು. ಕಳಿಸಿದವನು ನಾನು.

ಸಣ್ಣ ಬೀದಿಯ ಮೂಲೆಯಲ್ಲಿ ರಾಯರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಕೊಡೆ ಹೂ ಮಾರುವ ಹೆಂಗಸಿನ ವಶದಲ್ಲಿತ್ತು. ಸುತ್ತ ಅರ್ಧ ಬೀದಿ.

"ನಮ್ಮ ಹಿರಿಯರಮ್ಮಾ, ಮನೆ ನೋಡೋಕೆ ಬಂದವರು" ಎಂದೆ.

"ಮನೆ ನೋಡೋರು ಮೇಲೆ ನೋಡ್ತಾರೆ, ಇವರು ಮಕ್ಕಳನ್ನ ನೋಡ್ತಾ ನಿಂತಿದ್ರು" ಎಂದಳು ಹೂವಿನವಳು. "ಚೀಲ ತೆಗೀರಿ ಅಂದ್ರೆ ಪಂಚಾಂಗ ತೋರಿಸ್ತಾರೆ!"

ಬೇಡಿಕೊಂಡು ಬಿಡಿಸಿಕೊಂಡೆ. ಆಟೋದಲ್ಲಿ ರಾಯರು ಮುರಿದ ಕಡ್ಡಿಯನ್ನು ಕನ್ನಡಕಕ್ಕೆ ಹೊಂದಿಸಿ ನೋಡುತ್ತಿದ್ದರು.

"ಭಯ ಆಯ್ತಾ ಮಾಮಾ?"

"ರೊಂಬ ಭಯ ಆಯ್ತಪ್ಪಾ. ಒಬ್ಬ ಕೈ ಎತ್ತೇ ಬಿಟ್ಟಿದ್ದ, ಆ ಹೂವಿನವಳೇ ತಡೆದದ್ದು. ಗುಂಡಣ್ಣ, ಇದೇ ಮನೆ ಹಿಡಿ."

"ನಿಮ್ಮನ್ನ ಹೊಡೆಯೋಕೆ ಬಂದ ಬೀದೀಲಾ?"

"ನಿನ್ನೆ ಆ ದೊಡ್ಡ ಬೀದೀಲಿ ದೀಪ ಹತ್ತೋವರೆಗೂ ನಿಂತೆ. ಯಾರಯ್ಯಾ ನೀನು ಅಂತ ಒಂದು ನರಪಿಳ್ಳೆ ಕೇಳಲಿಲ್ಲ. ಇಲ್ಲಿ ಕೊಡೆ ಊರೋಕೂ ಬಿಡಲಿಲ್ಲ."

ನನಗೆ ಸಮಾಧಾನವಾಗಲಿಲ್ಲ. ಶಾಲಿನಿ ಮಾತ್ರ ಕೇಳಿದ್ದೇ, "ಅದೇ ಸಾಕಪ್ಪಾ" ಎಂದಳು.

ಆ ಸಣ್ಣ ಬೀದಿಯ ಮನೆಗೆ ಬಂದ ಹೊಸತರಲ್ಲೇ, ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರ ಗದ್ದಲದಲ್ಲಿ ಬಾಗಿಲು ತೆರೆದಿತ್ತು. ಮೌನ ಇಲ್ಲ. ಶಾಲಿನಿ ಬರಿಗಾಲಲ್ಲಿ ಕೆಳಗೋಡಿದಳು, ನಾನು ಹಿಂದೆ. ಮೆಟ್ಟಿಲಿಳಿಯುವಾಗಲೇ ಹೂವಿನವಳ ಗಂಟಲು ಕೇಳಿಸಿತು: "ಯಾರ್ ಮನೆ ಕೂಸಿದು? ಹೆಸರೂ ಹೇಳ್ತಿಲ್ಲ! ಯಾರ್ರೀ ಬಾಗಿಲು ತೆಗೆದಿಟ್ಟವರು?" ಮೂಲೆಯಲ್ಲಿ ಮೌನಳ ಕೈ ಬಿಗಿಯಾಗಿ ಹಿಡಿದು, ಮನೆ ಮನೆಗೂ ಕೂಗುತ್ತಿದ್ದಳು. ಅವಳ ಬೈಗುಳವನ್ನು ಶಾಲಿನಿ ಅಳುತ್ತಾ ಪೂರ್ತಿ ಕೇಳಿಸಿಕೊಂಡಳು.

ಕನ್ನಡಕದ ಕಡ್ಡಿ ಹಾಕಿಸಿಕೊಟ್ಟಾಗಿದೆ, ಅದು ಲೆಕ್ಕಕ್ಕಿಲ್ಲ. ನನ್ನ ಮೊಮ್ಮಗಳು ಮನೆಗೆ ಮರಳಿದ್ದಕ್ಕೆ ನಾನು ತಿರುಮಲರಾಯರಿಗೆ ಋಣಿ.