ಮೇಜು ಕುಟ್ಟಿದ ಸದ್ದು

ನಗರಸಭೆಯ ನಡಾವಳಿ ಬರೆಯುವ ಕೆಲಸದಲ್ಲಿ, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಗುಮಾಸ್ತೆಗೆ ಮೂವತ್ತೊಂದು ವರ್ಷ ತುಂಬಿತ್ತು. ಆ ಸಭೆಯಲ್ಲಿ ಒಂದು ಹಳೆಯ ರೂಢಿಯಿತ್ತು. ಒಪ್ಪದ ಸದಸ್ಯರು ಬಾಯಿ ಬಿಡದೆ ಮೇಜನ್ನು ಒಮ್ಮೆ ಕುಟ್ಟುತ್ತಿದ್ದರು. ಅಕ್ಕ ಅದನ್ನು ‘ವಿರೋಧ’ ಎಂದು ಬರೆದುಕೊಳ್ಳುತ್ತಿದ್ದಳು.

ಹೊಸ ಅಧ್ಯಕ್ಷ ಕಂಪ್ಯೂಟರ್ ಕಂಪನಿಯಿಂದ ಬಂದವನು. ಬುದ್ಧಿವಂತರೂ ಯಂತ್ರಗಳೂ ಆಳಬೇಕು, ವೋಟು ಬರೀ ಕಾಲಹರಣ, ಇಂದಿನ ನಾಲ್ಕು ಜನರಿಗಿಂತ ಸಾವಿರ ವರ್ಷದಾಚೆ ಹುಟ್ಟುವ ಕೋಟಿ ಜನ ಮುಖ್ಯ ಎಂಬುದು ಆ ಕಂಪನಿಯ ಯಜಮಾನರ ಮತ. ಅದನ್ನೇ ನಂಬಿದ ಅಧ್ಯಕ್ಷ ಹೆರಿಗೆ ಆಸ್ಪತ್ರೆ ಮುಚ್ಚಿ, ಕಟ್ಟಡವನ್ನು ಕಂಪನಿಯ ಯಂತ್ರಗಳಿಗೆ ಕೊಡುವ ಠರಾವು ತಂದ. ಅದಕ್ಕೆ ಸರ್ವಾನುಮತ ಬೇಕಿತ್ತು. ಸದಸ್ಯೆಯಾಗಿದ್ದ ನಿವೃತ್ತ ದಾದಿಯಮ್ಮ ಮೇಜು ಕುಟ್ಟಿದರು. ನಡಾವಳಿ ಬರೆಯಲು ಅಧ್ಯಕ್ಷ ತಂದಿಟ್ಟಿದ್ದ ಯಂತ್ರ ಮಾತ್ರ ‘ಸರ್ವಾನುಮತ’ ಎಂದು ಹಾಳೆ ಅಚ್ಚುಹಾಕಿತು.

“ಸಹಿ ಹಾಕಿ ಅಕ್ಕಾ,” ಅಂದ ಅಧ್ಯಕ್ಷ.

“ಕುಟ್ಟಿದ್ದು ಇದರಲ್ಲಿ ಇಲ್ವಲ್ಲಪ್ಪ.”

“ಯಂತ್ರಕ್ಕೆ ಮಾತು ಮಾತ್ರ ಕೇಳ್ಸುತ್ತೆ. ಮಾತಾಡದೇ ಇದ್ರೆ ಒಪ್ಪಿಗೆ ಅಂತ ಲೆಕ್ಕ. ನಿವೃತ್ತಿಗೆ ಎರಡೇ ತಿಂಗಳಿದೆ, ಇಲ್ಲದ ಉಸಾಬರಿ ನಿಮಗ್ಯಾಕೆ?”

ದಾದಿಯಮ್ಮ ಮೆಲ್ಲಗೆ ಕೇಳಿದರು: “ಸಾವಿರ ವರ್ಷ ಬಿಟ್ಟು ಹುಟ್ಟೋರ ಮುತ್ತಜ್ಜಿ ಈಗ ಎಲ್ಲಿ ಹುಟ್ಟಬೇಕಪ್ಪಾ?”

ಅಕ್ಕ ಪೆನ್ನಿನ ಮುಚ್ಚಳ ತೆಗೆದು, ‘ಸರ್ವಾನುಮತ’ವನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದಳು. ‘ಮೇಜು ಒಮ್ಮೆ ಕುಟ್ಟಲಾಯಿತು, ವಿರೋಧ ಒಂದು’ ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದಳು. ಠರಾವು ಬಿದ್ದುಹೋಯಿತು.

ಮುಂದಿನ ಸಭೆಯಲ್ಲಿ ಅವಳ ಕುರ್ಚಿ ಇರಲಿಲ್ಲ. ಆ ವಾರ ಆಸ್ಪತ್ರೆಯಲ್ಲಿ ಒಂಬತ್ತು ಹೆರಿಗೆಗಳಾದವು.