ನಾನಂದದ್ದು ಅವನು, ಅವರು ಬರೆದದ್ದು ಅವುನು

ಬಂದೂಕಿನಿಂದ ಹಾರಿದ ಸೀಸದ ಮೂರು ಚರೆ ನನ್ನ ಸೊಂಟದಲ್ಲಿ ಇವತ್ತಿಗೂ ಇವೆ. ಮಡಕಶಿರದ ಆಸ್ಪತ್ರೆಯ ಡಾಕ್ಟರು ಸಿಕ್ಕಷ್ಟು ತೆಗೆದರು. ಉಳಿದವನ್ನು ಕೀಳಲು ಹೋದರೆ ಕಾಲೇ ಹೋದೀತು ಎಂದರು. ಇದ್ದರೆ ಇರಲಿ ಎಂದೆ.

ಆಗ ಮದ್ರಾಸಿನ ಸರ್ಕಾರ. ನಾನು ಮೈಸೂರು ಸೀಮೆಯ ಸಿರಾ ಕಡೆಯವಳು. ಅಮರಾಪುರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಮನೆಯಲ್ಲಿ ಕನ್ನಡವೇ ಆದರೂ ಕಚೇರಿ, ಪೊಲೀಸು ಎಲ್ಲ ತೆಲುಗು; ನನಗೆ ತೆಲುಗು ಬರುತ್ತಿರಲಿಲ್ಲ. ಒಂದು ದಿನ ಬೆಳಕು ಹರಿಯುವಾಗ ಬಯಲಿಗೆ ಹೋಗಿ ಕಡ್ಲೆಕಾಯಿ ಹೊಲದ ಬದುವಿನಲ್ಲಿ ಕೂತಿದ್ದೆ. ಹೊಲದ ಯಜಮಾನ ಕಾಡುಹಂದಿ ಎಂದುಕೊಂಡು ಬಂದೂಕು ಹಾರಿಸಿದ. ಬಿದ್ದದ್ದು ಹೆಂಗಸು ಎಂದು ಗೊತ್ತಾದ ಮೇಲೆ, ಕಾಯಿ ಕದಿಯಲು ಬಂದಿದ್ದಳು ಎಂದು ಪೊಲೀಸರಿಗೆ ಹೇಳಿದ.

ಇನ್ಸ್‌ಪೆಕ್ಟರು ಆಸ್ಪತ್ರೆಗೆ ಬಂದು ತೆಲುಗಿನಲ್ಲಿ ಏನೋ ಕೇಳಿದರು. ಹೊಡೆದದ್ದು ಯಾರು ಎಂದು ಕೇಳುತ್ತಿದ್ದಾರೆ ಎಂದುಕೊಂಡು, ಬಾಗಿಲಲ್ಲಿ ನಿಂತಿದ್ದ ಯಜಮಾನನ ಕಡೆ ಬೆರಳು ತೋರಿಸಿ "ಅವನು" ಎಂದೆ. ಅವರು ಕೇಳಿದ್ದು, ಕದಿಯಲು ಹೋಗಿದ್ದೆಯಾ ಎಂದು; ಅದು ನನಗೆ ತಿಳಿದದ್ದು ಕೇಸೆಲ್ಲ ಮುಗಿದ ಮೇಲೆ. ತೆಲುಗಿನಲ್ಲಿ "ಅವುನು" ಎಂದರೆ ಹೌದು. ಹಾಗೆಯೇ ಬರೆದುಕೊಂಡು ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು.

ಹದಿನೈದು ದಿನಕ್ಕೆ ಕಳ್ಳತನದ ಕೇಸಿಗೆಂದು ತಾಲ್ಲೂಕು ಕಚೇರಿಯಿಂದ ಕರೆ ಬಂತು. ಕೇಸು ಬಿದ್ದುಹೋದರೆ ಸರಿ, ಇಲ್ಲದಿದ್ದರೆ ನನ್ನನ್ನು ತವರಿಗೆ ಅಟ್ಟುವುದು ಎಂದು ಮನೆಯ ಗಂಡಸರು ತೀರ್ಮಾನಿಸಿಬಿಟ್ಟರು. ಅತ್ತೆ ಮಾತ್ರ ನನ್ನನ್ನು ಕೂರಿಸಿ ಕೇಳಿದಳು.

"ಬಯ್ಲಿಗೆ ವೋದೋಳು ಕಳ್ಳಿ ಆಗಿ ಬಂದ್ಯಲ್ಲಮ್ಮಿ. ಪೊಲೀಸ್ನೋರಿಗೆ ಏನಂದೆ?"

"ಅವನು ಅಂದೆ ಅತ್ತೆ."

ಅತ್ತೆ ಹಣೆ ಚಚ್ಚಿಕೊಂಡಳು. "ಸುಮ್ಕೆ ನರಳ್ಕಂಡಿದ್ರೆ ಸಾಕಾಗಿತ್ತಲ್ಲೇ."

ಮಡಕಶಿರದಲ್ಲಿ ತಹಸೀಲ್ದಾರರೇ ಮ್ಯಾಜಿಸ್ಟ್ರೇಟು. ಗುಮಾಸ್ತ ನನ್ನ ಹೇಳಿಕೆ ಓದಿ ಮುಗಿಸಿದ ಕೂಡಲೇ ಅತ್ತೆ ಎದ್ದಳು.

"ಸ್ವಾಮಿ, ಇವ್ಳಿಗೆ ತೆಲುಗು ಬರಾಕಿಲ್ಲ. ಏನು ಕೇಳಿದ್ರೂ ಅದೊಂದೇ ಮಾತು. ನೀವೇ ಕೇಳಿ ನೋಡಿ."

ತಹಸೀಲ್ದಾರರು ನನ್ನ ಕಡೆ ತಿರುಗಿ ತೆಲುಗಿನಲ್ಲಿ ಏನೋ ಕೇಳಿದರು. ಮತ್ತೆ ಅದೇ ಪ್ರಶ್ನೆ ಎಂದುಕೊಂಡು ಯಜಮಾನನಿಗೆ ಬೆರಳು ತೋರಿಸಿ "ಅವನು" ಎಂದೆ. ಕಚೇರಿಯೇ ನಕ್ಕಿತು. ಈ ಕಚೇರಿ ಕಟ್ಟಿಸಿದ್ದು ನೀನೇನಾ ಎಂದು ಅವರು ಕೇಳಿದ್ದರಂತೆ.

"ಹಾಗಾದ್ರೆ ನಾನು ನಿನ್ನ ಮನೇಲಿ ಕೂತಿದ್ದೀನಿ. ಹೋಗಮ್ಮ," ಎಂದು ಕನ್ನಡದಲ್ಲಿ ಹೇಳಿ ಕಾಗದ ಪಕ್ಕಕ್ಕಿಟ್ಟರು. ಕೇಸು ಮುಗಿಯಿತು. ಹೊರಗೆ ಬಂದಾಗ ನನಗೆ ಅಳು ಬರಲಿಲ್ಲ, ಹಸಿವಾಯಿತು. ಬೇವಿನ ಮರದ ಕೆಳಗೆ ಕೂತು ಇಬ್ಬರೂ ಕಟ್ಟಿಕೊಂಡು ಬಂದಿದ್ದ ಮುದ್ದೆಯನ್ನೆಲ್ಲ ತಿಂದೆವು.

ಬಗ್ಗಿ ಕಳೆ ಕೀಳಲು ಸೊಂಟ ಬಿಡಲಿಲ್ಲ. ಹೊಲದ ಕೆಲಸ ತಪ್ಪಿದ ಹೊತ್ತಿನಲ್ಲಿ, ಊರಿನ ಕೂಲಿಮಠದಲ್ಲಿ ಪಾಠ ಹೇಳುವ ಐಗಳ ಮುಂದೆ ಕೂತು ಮರಳಿನ ಮೇಲೆ ಅಕ್ಷರ ತಿದ್ದಿದೆ. ಕನ್ನಡ ಬಂತು. ತೆಲುಗು ಅಕ್ಷರವೂ ಹೆಚ್ಚು ಬೇರೆಯಲ್ಲ, ತಲೆಕಟ್ಟು ಬದಲಿಸಿದರೆ ಅರ್ಧ ಬಂದಂತೆ. ಓದಿದ್ದು ಅಷ್ಟೇ. ಅಷ್ಟನ್ನೇ ಊರಿನ ಹೆಂಗಸರಿಗೆ ಗುಡಿಯ ಜಗುಲಿಯಲ್ಲಿ ಕಲಿಸಿದೆ. ಮೊದಲ ಪಾಠ ಅವನು, ಅವುನು. ಹತ್ತಿರದ ಹೇಮಾವತಿ ಊರಿನ ಸಿದ್ದೇಶ್ವರ ನಿನ್ನನ್ನು ಕಾಪಾಡಿದ ಎಂದು ಅವರು ಹೇಳುತ್ತಿದ್ದರು. ಗುಂಡು ಹಾರುವ ಮೊದಲೇ ಕಾಪಾಡಬಾರದಾಗಿತ್ತೇ ಎಂದು ನಾನು ಕೇಳುತ್ತಿದ್ದೆ. ಆದರೂ ಸೋಮವಾರದ ಒಪ್ಪತ್ತು ಬಿಟ್ಟಿಲ್ಲ. ಅತ್ತೆಯಂಥವಳನ್ನು ಕೊಟ್ಟ ದೇವರ ಮೇಲೆ ಎಷ್ಟು ದಿನ ಮುನಿಸಿಕೊಳ್ಳುವುದು?

ಬಂದೂಕು ಮಾತ್ರ ಯಜಮಾನನ ಹೆಗಲ ಮೇಲೇ ಇತ್ತು. ಹೆಂಗಸರು ಬೆಳಿಗ್ಗೆ ಬಯಲಿಗೆ ಹೋಗಲು ಹೆದರುತ್ತಿದ್ದರು. ಅದನ್ನು ಕಿತ್ತುಕೊಳ್ಳಬೇಕೆಂದು ತಹಸೀಲ್ದಾರರಿಗೆ ನಾನೇ ಅರ್ಜಿ ಬರೆದೆ. ಹದಿನೇಳು ಜನ ರುಜು ಹಾಕಿದರು. ಅಕ್ಷರ ಕಲಿಯಲೊಲ್ಲದ ಅತ್ತೆ ಮೂರು ಸಲ ಓದಿಸಿಕೊಂಡಳು.

"ಕಳ್ಳಿ ಅಂತ ಎಲ್ಲೂ ಇಲ್ಲ ತಾನೇ?"

"ಇಲ್ಲ ಅತ್ತೆ."

"ನಿನ್ನ ನಂಬಾಕಾಗಲ್ಲ. ಇನ್ನೊಂದ್ಸಲ ಓದು."

ನಾಲ್ಕನೆಯ ಸಲ ಓದಿದ ಮೇಲೆ ಹೆಬ್ಬೆಟ್ಟು ಒತ್ತಿದಳು. ಮುಂಗಾರಿನ ಹೊತ್ತಿಗೆ ಲೈಸೆನ್ಸು ರದ್ದಾಗಿ ಬಂದೂಕು ಕಚೇರಿ ಸೇರಿತು. ಮಾರನೆಯ ದಿನ ನಸುಕಿನಲ್ಲಿ ಏಳೆಂಟು ಜನ ಒಟ್ಟಿಗೆ ಹೊರಟೆವು, ದಾರಿಯುದ್ದಕ್ಕೂ ಗಟ್ಟಿಯಾಗಿ ಮಾತಾಡಿಕೊಂಡು. ಬಂದೂಕು ಎಲ್ಲಿದೆಯೋ ಎಂದು ಯಜಮಾನನ ಹೊಲದ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.